ರಾಜರ್ಷಿ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ಸಮಾನಾವಕಾಶದ ನ್ಯಾಯ

ನಮ್ಮ ದೇವಾಲಯವು ನೂರು ಸಂವತ್ಸರಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ, ಇದರ ಕಲ್ಲುಗಳನ್ನು ಹೊತ್ತ ಪೂರ್ವಿಕರನ್ನೂ, ಇಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಉಪದೇಶಿಗಳನ್ನೂ ಈ ಸ್ಮರಣ ಸಂಚಿಕೆಯ ಬೇರೆ ಪುಟಗಳಲ್ಲಿ ಕೃತಜ್ಞತೆಯಿಂದ ನೆನೆಯಲಾಗಿದೆ. ಆದರೆ ಈ ದೇವಾಲಯದ ಅಸ್ತಿಭಾರ ಬಿದ್ದ ಕಾಲದಲ್ಲಿ ತುಮಕೂರು, ಗುಬ್ಬಿ, ಕುಣಿಗಲು ಸೀಮೆಗಳೆಲ್ಲವೂ ಯಾರ ಆಳ್ವಿಕೆಗೆ ಒಳಪಟ್ಟಿದ್ದವೋ, ಯಾರ ರಾಜ್ಯನೀತಿಯ ಫಲವನ್ನು ನಮ್ಮ ಜನರೂ ಉಂಡರೋ, ಆ ಅರಸರನ್ನು ಮರೆತರೆ ಕೃತಜ್ಞತೆಯು ಅಪೂರ್ಣವಾದೀತು. ಆದುದರಿಂದ ಮೈಸೂರು ಸಂಸ್ಥಾನದ ಮಹಾರಾಜರಾಗಿದ್ದ ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರ ಜೀವಿತವನ್ನು ಕುರಿತು ಕೆಲವು ಮಾತುಗಳನ್ನು ವಾಚಕರ ಮುಂದಿಡಲು ನಾವು ಮನಸ್ಸು ಮಾಡಿದ್ದೇವೆ.

ಇದಕ್ಕೆ ಮತ್ತೊಂದು ಕಾರಣವೂ ಉಂಟು. ಶತಮಾನೋತ್ಸವದ ಸಿದ್ಧತೆಗಾಗಿ ನಾವು ಹಳೆಯ ಜ್ಞಾನಸ್ನಾನದ ದಾಖಲೆ ಪುಸ್ತಕಗಳನ್ನು ಪೆಟ್ಟಿಗೆಯಿಂದ ತೆಗೆದು, ಒಂದೊಂದೇ ಹಾಳೆಯನ್ನು ಬಿಡಿಸಿ ಓದಿದೆವು. ಮಗುವಿನ ಹೆಸರು, ತಂದೆತಾಯಿಯರ ಹೆಸರು, ಜ್ಞಾನತಂದೆ ಜ್ಞಾನತಾಯಿಯರ ಹೆಸರು, ಇವುಗಳ ಜೊತೆಗೆ ತಂದೆಯ ಉದ್ಯೋಗವನ್ನು ಬರೆಯುವ ಒಂದು ಅಂಕಣವೂ ಅಲ್ಲಿದೆ. ಮೊದಮೊದಲ ವರ್ಷಗಳಲ್ಲಿ ಆ ಅಂಕಣವನ್ನು ತುಂಬಲು ಗುರುಗಳಿಗೆ ಒಂದೇ ಪದ ಸಾಕಾಗಿತ್ತು: ಕೂಲಿ. ಪುಟದ ಮೇಲಿಂದ ಕೆಳಗಿನವರೆಗೂ ಅದೇ ಪದ. ವರ್ಷಗಳು ಉರುಳಿದಂತೆ ಅಲ್ಲೊಂದು ಇಲ್ಲೊಂದು ಬೇರೆ ಪದ ಕಾಣಿಸಿಕೊಳ್ಳುತ್ತದೆ: ಜವಾನ, ಗುಮಾಸ್ತ, ಉಪಾಧ್ಯಾಯ. ಕೂಲಿಯ ಮಗನ ಮಗನು ಉಪಾಧ್ಯಾಯನಾದದ್ದು ಹೇಗೆ? ತಂದೆತಾಯಿಗಳ ಬೆವರು ಅದರಲ್ಲಿದೆ, ಓದು ಕಲಿಸಿದವರ ಶ್ರಮವೂ ಇದೆ. ಆದರೆ ಓದಿ ಮುಗಿಸಿದ ಹುಡುಗನು ಸರ್ಕಾರಿ ಕಚೇರಿಯ ಬಾಗಿಲಿಗೆ ಹೋದಾಗ ಅವನ ಹುಟ್ಟನ್ನು ಕೇಳಿ ಹಿಂದಕ್ಕೆ ಕಳುಹಿಸಬಾರದೆಂಬ ಒಂದು ನಿಯಮವೂ ಬೇಕಾಗಿತ್ತು. ಆ ನಿಯಮವು ಮೈಸೂರು ಸೀಮೆಗೆ ಹೇಗೆ ಬಂದಿತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಕೃಷ್ಣರಾಜ ಒಡೆಯರು 1884ನೆಯ ಇಸವಿ ಜೂನ್ 4ರಂದು ಮೈಸೂರಿನಲ್ಲಿ ಜನಿಸಿದರು. ಬೆಂಗಳೂರಿನಿಂದ ನಮ್ಮ ತುಮಕೂರಿಗೆ ರೈಲು ಬಂದದ್ದೂ, ಗುಬ್ಬಿಯ ಹೆಸರನ್ನು ನಾಡಿನಲ್ಲೆಲ್ಲ ಹರಡಿದ ಚನ್ನಬಸವೇಶ್ವರ ನಾಟಕ ಕಂಪನಿಯು ಆರಂಭವಾದದ್ದೂ ಅದೇ ವರ್ಷ. ತಂದೆ ಚಾಮರಾಜೇಂದ್ರ ಒಡೆಯರು. ತಾಯಿ ವಾಣೀವಿಲಾಸ ಸನ್ನಿಧಾನದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರುಗಳ ಆಡಳಿತದ ತರುವಾಯ 1881ರಲ್ಲಿ ಸಂಸ್ಥಾನವು ಅರಸುಮನೆತನಕ್ಕೆ ಹಿಂದಿರುಗಿ ಬಂದಿತ್ತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದ್ದರು. ರೈತನ ಕಷ್ಟಸುಖವನ್ನು ಸರ್ಕಾರದ ಕಿವಿಗೆ ಮುಟ್ಟಿಸುವ ಒಂದು ದಾರಿ ಹೀಗೆ ರಾಜಕುಮಾರರು ಹುಟ್ಟುವುದಕ್ಕೆ ಮೊದಲೇ ತೆರೆದಿತ್ತು.

ಅರಮನೆಯ ಮಗುವಾದರೂ ಅವರ ಬಾಲ್ಯವು ದುಃಖವಿಲ್ಲದ್ದಾಗಿರಲಿಲ್ಲ. 1894ರ ಡಿಸೆಂಬರ್ ತಿಂಗಳಲ್ಲಿ ತಂದೆಯು ದೂರದ ಕಲ್ಕತ್ತೆಯಲ್ಲಿ ಗಂಟಲಮಾರಿಯಿಂದ ತೀರಿಕೊಂಡರು. ಹತ್ತು ವರ್ಷದ ಬಾಲಕನಿಗೆ 1895ರ ಫೆಬ್ರವರಿ 1ರಂದು ಪಟ್ಟವಾಯಿತು. ಮಗನು ಪ್ರಾಯಕ್ಕೆ ಬರುವವರೆಗೂ ವಿಧವೆಯಾದ ತಾಯಿಯೇ ರಾಜಪ್ರತಿನಿಧಿಯಾಗಿ ಸಂಸ್ಥಾನದ ಭಾರವನ್ನು ಹೊತ್ತರು. ಆ ಕಾಲದಲ್ಲಿ ವಿಧವೆಯ ಸ್ಥಾನವೇನೆಂಬುದನ್ನು ಬಲ್ಲವರಿಗೆ ಇದರ ಮಹತ್ವ ತಿಳಿಯುತ್ತದೆ. ತಾಯಿಯ ಧೈರ್ಯ ಮತ್ತು ವಿವೇಕಗಳನ್ನು ಕಣ್ಣಾರೆ ಕಂಡು ಬೆಳೆದ ಬಾಲಕನ ಮನಸ್ಸಿನಲ್ಲಿ, ಲೋಕವು ಯಾರನ್ನು ಕೆಲಸಕ್ಕೆ ಬಾರದವರೆಂದು ಬದಿಗೆ ಸರಿಸುತ್ತದೆಯೋ ಅವರಲ್ಲೂ ರಾಜ್ಯವನ್ನೇ ನಡೆಸುವ ಶಕ್ತಿಯುಂಟೆಂಬ ಅರಿವು ಮೂಡಿದ್ದರೆ ಆಶ್ಚರ್ಯವಿಲ್ಲ.

ಕನ್ನಡ, ಸಂಸ್ಕೃತ, ಇಂಗ್ಲಿಷುಗಳ ಜೊತೆಗೆ ಆಡಳಿತ ಶಾಸ್ತ್ರವನ್ನೂ ಅವರಿಗೆ ಕ್ರಮವಾಗಿ ಕಲಿಸಲಾಯಿತು. ಸಂಗೀತದಲ್ಲಿ ಅವರಿಗಿದ್ದ ಪ್ರೀತಿ ಅಪಾರ. ವೀಣೆ, ಪಿಟೀಲು ಮೊದಲಾದ ಅನೇಕ ವಾದ್ಯಗಳನ್ನು ಸ್ವತಃ ನುಡಿಸಬಲ್ಲವರಾಗಿದ್ದರು. 1902ರ ಆಗಸ್ಟ್ 8ರಂದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ವೈಸರಾಯ್ ಕರ್ಜನ್ ಪ್ರಭುವಿನ ಸಮಕ್ಷಮದಲ್ಲಿ ಅವರು ರಾಜ್ಯಾಧಿಕಾರವನ್ನು ವಹಿಸಿಕೊಂಡರು. ಆಗ ಅವರಿಗೆ ಹದಿನೆಂಟು ವರ್ಷ. ಅಲ್ಲಿಂದ ಮೂವತ್ತೆಂಟು ವರ್ಷಗಳ ಕಾಲ, ಅಂದರೆ ಕೊನೆಯುಸಿರಿನವರೆಗೂ, ಅವರು ಆಳಿದರು.

ಆ ಆಳ್ವಿಕೆಯ ಸಾಧನೆಗಳನ್ನು ಶಾಲೆಯ ಮಕ್ಕಳೂ ಬಲ್ಲರು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು; 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು; 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಮೊದಲಾಯಿತು; 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಸ್ಥಾಪಿತವಾದವು. ನಮ್ಮ ಕುಣಿಗಲು ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ನಿಂತಿರುವ ಮಾರ್ಕೋನಹಳ್ಳಿ ಜಲಾಶಯವೂ ಅವರ ಕಾಲದ ಕೊಡುಗೆಯೇ. ಗುಬ್ಬಿ ವೀರಣ್ಣನವರ ಕಲೆಗೆ ಅರಮನೆಯ ಮನ್ನಣೆ ದೊರೆತದ್ದೂ ಅವರಿಂದಲೇ. ಈ ಕಟ್ಟಡ, ಕಟ್ಟೆ, ಕಾರ್ಖಾನೆಗಳೆಲ್ಲ ಕಣ್ಣಿಗೆ ಕಾಣುವಂಥವು. ಆದರೆ ಕಣ್ಣಿಗೆ ಕಾಣದ, ಒಂದು ಸರ್ಕಾರಿ ಆಜ್ಞೆಯ ಹಾಳೆಯಲ್ಲಿ ಮಾತ್ರ ಉಳಿದಿರುವ ಅವರ ಇನ್ನೊಂದು ಕಾರ್ಯವು, ನಮ್ಮ ಅಭಿಪ್ರಾಯದಲ್ಲಿ, ಇವೆಲ್ಲಕ್ಕಿಂತಲೂ ದೊಡ್ಡದು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ನೌಕರಿಯೆಂಬುದು ಬಹುಮಟ್ಟಿಗೆ ಒಂದೇ ಸಮುದಾಯದವರ ಕೈಯಲ್ಲಿತ್ತು. ಬ್ರಾಹ್ಮಣರು ತಲೆತಲಾಂತರದಿಂದ ವಿದ್ಯೆಯನ್ನು ಉಪಾಸನೆ ಮಾಡಿಕೊಂಡು ಬಂದವರು. ಇಂಗ್ಲಿಷ್ ವಿದ್ಯೆಯು ಬಂದಾಗ ಅದನ್ನು ಬೇಗನೆ ಕೈವಶಮಾಡಿಕೊಂಡವರು. ಜನಸಂಖ್ಯೆಯಲ್ಲಿ ಅತ್ಯಲ್ಪ ಭಾಗವಾಗಿದ್ದರೂ ಮೇಲಿನ ಹುದ್ದೆಗಳಲ್ಲಿ ಬಹುಪಾಲು ಅವರದಾಗಿತ್ತು. ಹೊಲ ಉಳುವ ಒಕ್ಕಲಿಗನೂ, ಲಿಂಗಾಯತನೂ, ಕುರುಬನೂ, ಮುಸಲ್ಮಾನನೂ, ದೇಶೀಯ ಕ್ರೈಸ್ತನೂ ಕಂದಾಯ ಕಟ್ಟಲು ಕಚೇರಿಗೆ ಹೋಗುತ್ತಿದ್ದರೇ ಹೊರತು ಕಂದಾಯ ಬರೆದುಕೊಳ್ಳುವ ಮೇಜಿನ ಹಿಂದೆ ಅವರು ಕಾಣಸಿಗುವುದು ವಿರಳವಾಗಿತ್ತು. ಪಂಚಮರೆಂದು ಆಗ ಕರೆಯಲ್ಪಡುತ್ತಿದ್ದ ಅಸ್ಪೃಶ್ಯ ಜನರಿಗಂತೂ ಕಚೇರಿಯ ಜಗುಲಿಯೂ ದೂರವಾಗಿತ್ತು. ಇದನ್ನು ಯಾವ ಸಮುದಾಯವನ್ನೂ ದೂಷಿಸುವ ಉದ್ದೇಶದಿಂದ ನಾವು ಬರೆಯುತ್ತಿಲ್ಲ. ಅಂದಿನ ಸ್ಥಿತಿ ಹಾಗಿತ್ತು. ಅದನ್ನು ತಿದ್ದುವುದರಲ್ಲಿ ಬ್ರಾಹ್ಮಣರಲ್ಲಿಯೇ ಅನೇಕ ಪುಣ್ಯಾತ್ಮರು ದುಡಿದರೆಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಧರ್ಮ. ಬೆಂಗಳೂರಿನಲ್ಲಿ 1930ರಲ್ಲಿ ದೀನ ಸೇವಾ ಸಂಘವನ್ನು ಕಟ್ಟಿದ ಗೋಪಾಲಸ್ವಾಮಿ ಅಯ್ಯರ್ ಅವರ ಹೆಸರೊಂದೇ ಇದಕ್ಕೆ ಸಾಕು.

ಹಿಂದುಳಿದ ಜನರು ತಮ್ಮ ಕಷ್ಟವನ್ನು ಒಬ್ಬೊಬ್ಬರಾಗಿ ಹೇಳಿಕೊಂಡರೆ ಕೇಳುವವರಿಲ್ಲವೆಂಬುದನ್ನು ಅರಿತು ಸಂಘಗಳನ್ನು ಕಟ್ಟತೊಡಗಿದರು. 1905ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ, 1909ರಲ್ಲಿ ಮುಸ್ಲಿಮರ ಕೇಂದ್ರ ಸಂಘ, ಹೀಗೆ ಒಂದರ ಹಿಂದೊಂದು ಸಂಘಗಳು ಹುಟ್ಟಿದವು. ಆರಂಭದಲ್ಲಿ ಇವುಗಳ ಕೆಲಸವೆಲ್ಲ ತಮ್ಮ ತಮ್ಮ ಮಕ್ಕಳಿಗೆ ವಿದ್ಯಾರ್ಥಿನಿಲಯ ಕಟ್ಟುವುದು, ವಿದ್ಯಾರ್ಥಿವೇತನ ಕೂಡಿಸುವುದು, ಪತ್ರಿಕೆ ನಡೆಸುವುದು, ಇಷ್ಟರಲ್ಲಿಯೇ ನಿಂತಿತ್ತು. ನಮ್ಮ ತುಮಕೂರಿನ ಮಗ್ಗುಲಲ್ಲಿಯೇ ಇರುವ ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳು ಪಾಠಶಾಲೆಯನ್ನು ತೆರೆದದ್ದೂ ಇದೇ ಕಾಲದಲ್ಲಿ, 1917ರಲ್ಲಿ. ಅನ್ನವನ್ನೂ ಅಕ್ಷರವನ್ನೂ ಜೊತೆಗೇ ಬಡಿಸುವ ಆ ಪದ್ಧತಿಯು ಮುಂದೆ ಎಷ್ಟು ವಿಶಾಲವಾಗಿ ಬೆಳೆಯಿತೆಂಬುದನ್ನು ಈ ಜಿಲ್ಲೆಯವರಿಗೆ ಹೇಳಬೇಕಾದುದಿಲ್ಲ.

ಆದರೆ ವಿದ್ಯೆ ಕಲಿತ ಮೇಲೆ ಮುಂದೇನು? ಈ ಪ್ರಶ್ನೆಯೇ ಎಲ್ಲ ಸಂಘಗಳನ್ನೂ ಒಂದೆಡೆಗೆ ತಂದಿತು. ನೆರೆಯ ಮದರಾಸು ಪ್ರಾಂತದಲ್ಲಿ 1916ರಲ್ಲಿ ಬ್ರಾಹ್ಮಣೇತರರ ಪಕ್ಷವೊಂದು ತಲೆಯೆತ್ತಿತ್ತು. ಅದರ ಗಾಳಿಯು ಇತ್ತಲೂ ಬೀಸಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಸಿ. ಆರ್. ರೆಡ್ಡಿಯವರ ಪ್ರೋತ್ಸಾಹದಿಂದ 1917ರಲ್ಲಿ ಪ್ರಜಾಮಿತ್ರ ಮಂಡಲಿ ಎಂಬ ಸಂಸ್ಥೆ ಏರ್ಪಟ್ಟಿತು. ಎಂ. ಬಸವಯ್ಯ, ಗುಲಾಂ ಅಹಮದ್ ಕಲಾಮಿ ಮೊದಲಾದವರು ಅದರ ಮುಂದಾಳುಗಳು. ಲಿಂಗಾಯತರು, ಒಕ್ಕಲಿಗರು, ಮುಸಲ್ಮಾನರು ಒಂದೇ ಮಂಡಲಿಯಲ್ಲಿ ಕುಳಿತು ಒಂದೇ ಬೇಡಿಕೆಯನ್ನು ರೂಪಿಸಿದ್ದು ಈ ಸಂಸ್ಥಾನದಲ್ಲಿ ಹೊಸ ಸಂಗತಿ. 1918ರಲ್ಲಿ ಮಂಡಲಿಯ ನಿಯೋಗವು ಮಹಾರಾಜರನ್ನು ಕಂಡು ಮನವಿಯನ್ನು ಅರ್ಪಿಸಿತು. ಮಹಾರಾಜರ ಕೃಪೆಯಿಂದ ಕೆಲವು ಹುಡುಗರಿಗೆ ಕೆಲಸ ಸಿಗಲೆಂಬುದು ಅವರ ಪ್ರಾರ್ಥನೆಯಾಗಿರಲಿಲ್ಲ. ಸಂಸ್ಥಾನದ ಹುದ್ದೆಗಳಲ್ಲಿಯೂ ಪ್ರತಿನಿಧಿ ಸಭೆಗಳಲ್ಲಿಯೂ ಸಕಲ ಪ್ರಜೆಗಳಿಗೆ ನ್ಯಾಯವಾದ ಪಾಲು ನಿಯಮಪೂರ್ವಕವಾಗಿ ದೊರೆಯಬೇಕೆಂಬುದು ಅವರ ಕೋರಿಕೆಯಾಗಿತ್ತು. ಭಿಕ್ಷೆಗೂ ಹಕ್ಕಿಗೂ ಇರುವ ಅಂತರ ಇಲ್ಲಿಯೇ ಇದೆ.

ಈಗ ಮಹಾರಾಜರ ಮುಂದೆ ಕಠಿಣವಾದ ಪ್ರಶ್ನೆ ನಿಂತಿತು. ಆಗ ದಿವಾನರಾಗಿದ್ದವರು ಸಾಮಾನ್ಯರಲ್ಲ, ಸರ್ ಎಂ. ವಿಶ್ವೇಶ್ವರಯ್ಯನವರು. 1912ರಿಂದ ಆ ಸ್ಥಾನದಲ್ಲಿದ್ದು ಸಂಸ್ಥಾನಕ್ಕೆ ಕೀರ್ತಿಯನ್ನು ತಂದ ಮಹಾಪುರುಷರು. ಹುಟ್ಟಿನ ಲೆಕ್ಕದಿಂದ ಹುದ್ದೆಗಳನ್ನು ಹಂಚಿದರೆ ಆಡಳಿತದ ದಕ್ಷತೆ ಕೆಡುತ್ತದೆ; ವಿದ್ಯೆಯನ್ನು ಎಲ್ಲೆಡೆಗೂ ಹರಡಿ, ಬಡಮಕ್ಕಳಿಗೆ ವಿದ್ಯಾರ್ಥಿವೇತನ ಕೊಟ್ಟು ಮೇಲಕ್ಕೆ ತಂದರೆ ಕಾಲಕ್ರಮದಲ್ಲಿ ತಾರತಮ್ಯ ತಾನಾಗಿಯೇ ಹೋಗುತ್ತದೆ ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು. ಇದು ಸ್ವಾರ್ಥದ ಮಾತೆಂದು ತಳ್ಳಿಹಾಕುವಂತಿಲ್ಲ. ಅವರ ಪ್ರಾಮಾಣಿಕತೆಯು ಜಗದ್ವಿದಿತ. ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ 1913ರಲ್ಲಿ ಶಾಸನ ಬಂದದ್ದು ಅವರ ದಿವಾನಗಿರಿಯಲ್ಲಿಯೇ. ಆದರೆ ಹಸಿದವನಿಗೆ ಬೆಳೆ ಬರುವವರೆಗೂ ಕಾಯೆಂದು ಹೇಳುವುದು ಎಷ್ಟು ದಿನ ನ್ಯಾಯವೆಂಬ ಪ್ರಶ್ನೆ ಉಳಿದೇ ಇತ್ತು.

ಮಹಾರಾಜರು ಆತುರಪಡಲಿಲ್ಲ, ಹಿಂಜರಿಯಲೂ ಇಲ್ಲ. 1918ರ ಆಗಸ್ಟ್ ತಿಂಗಳಲ್ಲಿ ಸಂಸ್ಥಾನದ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಭಿನ್ನಾಭಿಪ್ರಾಯವು ಬಗೆಹರಿಯದಾಗಿ ಅದೇ ವರ್ಷದ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ದಿವಾನ ಪದವಿಯನ್ನು ಬಿಟ್ಟರು. ಅಷ್ಟು ದೊಡ್ಡ ಮಂತ್ರಿಯನ್ನು ಕಳೆದುಕೊಳ್ಳುವ ನಷ್ಟವನ್ನು ತಿಳಿದೂ ತಿಳಿದೂ ಮಹಾರಾಜರು ತಮ್ಮ ನಿರ್ಧಾರದಿಂದ ಹಿಂದೆ ಸರಿಯಲಿಲ್ಲ. ಅವರ ನಂತರ ಕಾಂತರಾಜ ಅರಸಿನವರು ದಿವಾನರಾದರು. ಇಬ್ಬರು ಸತ್ಪುರುಷರು ಪರಸ್ಪರ ಗೌರವವನ್ನು ಉಳಿಸಿಕೊಂಡೇ ಒಂದು ತತ್ತ್ವಕ್ಕಾಗಿ ಅಗಲಿದ ಈ ಪ್ರಸಂಗವನ್ನು ಓದುವಾಗಲೆಲ್ಲ ನಮ್ಮ ಮನಸ್ಸು ತುಂಬಿ ಬರುತ್ತದೆ.

ಮಿಲ್ಲರ್ ಸಮಿತಿಯು 1919ರಲ್ಲಿ ವರದಿಯನ್ನು ಒಪ್ಪಿಸಿತು. ಸರ್ಕಾರಿ ನೌಕರಿಯಲ್ಲಿ ಸಾಕಷ್ಟು ಸ್ಥಾನ ದೊರೆಯದ ಸಮುದಾಯಗಳನ್ನು ಹಿಂದುಳಿದವುಗಳೆಂದು ಪರಿಗಣಿಸಿ, ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆಯೂ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಂತೆಯೂ ಅವರನ್ನು ನೇಮಿಸಬೇಕೆಂದು ಅದು ಸಲಹೆಮಾಡಿತು. ಹುದ್ದೆಗೆ ಬೇಕಾದ ಅರ್ಹತೆಯನ್ನು ಪಡೆದಿರಲೇಬೇಕು. ಆ ಅರ್ಹತೆಯುಳ್ಳವರಲ್ಲಿ ಹಿಂದುಳಿದವನಿಗೆ ಮೊದಲ ಆದ್ಯತೆ. ಅದರೊಡನೆ ವಿದ್ಯಾರ್ಥಿವೇತನಗಳು, ವಿದ್ಯಾರ್ಥಿನಿಲಯಗಳು ಹೆಚ್ಚಬೇಕೆಂಬುದೂ ಸಮಿತಿಯ ಅಭಿಪ್ರಾಯ. ವಿಶ್ವೇಶ್ವರಯ್ಯನವರು ಹೇಳಿದ ವಿದ್ಯೆಯ ದಾರಿಯನ್ನೂ ಮಂಡಲಿಯು ಬೇಡಿದ ಹುದ್ದೆಯ ದಾರಿಯನ್ನೂ ಹೀಗೆ ಕೂಡಿಸಲಾಯಿತು. 1921ರ ಮೇ ತಿಂಗಳಲ್ಲಿ ಸರ್ಕಾರದ ಆಜ್ಞೆ ಹೊರಟಿತು. ಬ್ರಾಹ್ಮಣರು, ಐರೋಪ್ಯರು ಮತ್ತು ಆಂಗ್ಲೋ-ಇಂಡಿಯನ್ನರನ್ನು ಬಿಟ್ಟು ಉಳಿದ ಸಮುದಾಯಗಳೆಲ್ಲ ಹಿಂದುಳಿದವರ ಸಾಲಿಗೆ ಸೇರಿದವು. ನಮ್ಮ ಹಿರಿಯರಾದ ದೇಶೀಯ ಕ್ರೈಸ್ತರೂ ಆ ಸಾಲಿನಲ್ಲಿದ್ದರು.

ದಾಖಲೆ ಪುಸ್ತಕದಲ್ಲಿ ಕೂಲಿ ಎಂಬ ಪದದ ಕೆಳಗೆ ಗುಮಾಸ್ತ ಎಂಬ ಪದ ಮೊದಲ ಬಾರಿಗೆ ಕಾಣಿಸಿಕೊಂಡ ಪುಟದ ಮೇಲೆ ನಾವು ಬೆರಳಿಟ್ಟು ಕುಳಿತಾಗ ನೆನಪಿಗೆ ಬಂದದ್ದು ಈ ಆಜ್ಞೆಯೇ. ತಮ್ಮ ಹೆಸರಿನಲ್ಲಿ ಯಾರೋ ಮನವಿ ಸಲ್ಲಿಸಿದರೆಂಬುದಾಗಲಿ, ದಿವಾನರೊಬ್ಬರು ಹುದ್ದೆ ಬಿಟ್ಟರೆಂಬುದಾಗಲಿ ಆ ಗುಮಾಸ್ತನಿಗೆ ತಿಳಿದಿತ್ತೋ ಇಲ್ಲವೋ! ಕಾಣದ ಕೈಗಳ ಉಪಕಾರವನ್ನು ಉಂಡು ಬದುಕುವವರೇ ನಾವೆಲ್ಲರೂ.

ಇಂಥ ಪ್ರಯತ್ನ ಮೈಸೂರಿನಲ್ಲಿ ಮಾತ್ರ ನಡೆಯಿತೆಂದು ನಾವು ಹೇಳುವುದಿಲ್ಲ. ಕೊಲ್ಹಾಪುರದ ಶಾಹು ಮಹಾರಾಜರು 1902ರಲ್ಲಿಯೇ ತಮ್ಮ ಸಂಸ್ಥಾನದ ಹುದ್ದೆಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗಾಗಿ ಕಾದಿರಿಸಿದ್ದರು. ಮದರಾಸು ಪ್ರಾಂತದಲ್ಲಿಯೂ 1921ರಲ್ಲಿ ಇದೇ ಬಗೆಯ ಆಜ್ಞೆ ಹೊರಟಿತು. ಆದರೆ ಮೈಸೂರಿನ ವೈಶಿಷ್ಟ್ಯವೆಂದರೆ, ಮನವಿ ಬಂದಿತು, ನ್ಯಾಯಾಧೀಶರ ವಿಚಾರಣೆ ನಡೆಯಿತು, ಎರಡೂ ಕಡೆಯವರ ವಾದ ಕೇಳಲಾಯಿತು, ಅನಂತರ ನಿಯಮವಾಯಿತು. ಕಲಹವಿಲ್ಲದೆ, ರಕ್ತಪಾತವಿಲ್ಲದೆ ಶತಮಾನಗಳ ತಾರತಮ್ಯದ ಮೇಲೆ ಮೊದಲ ಪೆಟ್ಟು ಬಿದ್ದಿತು.

ಹುದ್ದೆಗಳ ವಿಷಯದಲ್ಲಿ ಮಾತ್ರವಲ್ಲದೆ ಬೇರೆ ದಿಕ್ಕುಗಳಲ್ಲಿಯೂ ಅವರ ಸರ್ಕಾರವು ಹೆಜ್ಜೆಯಿಟ್ಟಿತು. 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಪದ್ಧತಿಯನ್ನು ನಿಲ್ಲಿಸಲಾಯಿತು. ಸರ್ಕಾರಿ ಶಾಲೆಗಳಲ್ಲಿ ಜಾತಿಯ ಕಾರಣದಿಂದ ಯಾವ ಮಗುವನ್ನೂ ಹೊರಗಿಡಬಾರದೆಂಬ ಆಜ್ಞೆಯಾಯಿತು. ಪಂಚಮರ ಮಕ್ಕಳು ತರಗತಿಯೊಳಗೆ ಕಾಲಿಟ್ಟಾಗ ಕೆಲವು ಕಡೆಗಳಲ್ಲಿ ಮೇಲುಜಾತಿಯ ತಂದೆತಾಯಿಗಳು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಸರ್ಕಾರವು ಆಜ್ಞೆಯನ್ನು ಹಿಂತೆಗೆದುಕೊಳ್ಳಲಿಲ್ಲ. 1923ರ ಸುಧಾರಣೆಗಳಿಂದ ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧವಾದ ಸ್ಥಾನ ದೊರೆಯಿತು. ಸ್ತ್ರೀಯರಿಗೆ ಮತದಾನಕ್ಕಿದ್ದ ಅಡ್ಡಿಯೂ ತೊಲಗಿತು.

ನಮ್ಮ ಧರ್ಮಸಭೆಯೊಡನೆ ಅವರಿಗಿದ್ದ ಸೌಹಾರ್ದವನ್ನೂ ಇಲ್ಲಿ ಸ್ಮರಿಸಬೇಕು. ಮಹಾರಾಜರ ಖಾಸಗಿ ಕಾರ್ಯದರ್ಶಿಗಳಾಗಿದ್ದ ತಂಬುಚೆಟ್ಟಿಯವರು ಕಥೋಲಿಕ ಕ್ರೈಸ್ತರು. ಅರಮನೆಯ ಅತ್ಯಂತ ನಂಬುಗೆಯ ಸ್ಥಾನದಲ್ಲಿ ಅನ್ಯಧರ್ಮದವರೊಬ್ಬರನ್ನು ಇರಿಸಿಕೊಳ್ಳುವುದರಲ್ಲಿ ಪರಮ ದೈವಭಕ್ತರಾದ ಆ ಹಿಂದೂ ಅರಸರಿಗೆ ಯಾವ ಸಂಕೋಚವೂ ಇರಲಿಲ್ಲ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಲಾಗಿದ್ದ ದೇವಾಲಯದ ಸ್ಥಳದಲ್ಲಿಯೇ ಸಂತ ಫಿಲೋಮಿನಾರ ಭವ್ಯ ಪ್ರಧಾನಾಲಯಕ್ಕೆ 1933ರ ಅಕ್ಟೋಬರ್ 28ರಂದು ಅಸ್ತಿಭಾರದ ಕಲ್ಲನ್ನಿಟ್ಟವರು ನಾಲ್ವಡಿಯವರೇ. ಮುಗಿಲಿಗೆ ಚಾಚಿದ ಆ ಜೋಡಿ ಗೋಪುರಗಳನ್ನು ನೋಡಿ ಬಂದಿರುವ ನಮ್ಮ ಭಕ್ತಾದಿಗಳು ಇನ್ನು ಮುಂದೆ ಹೋದಾಗ ಆ ಕಲ್ಲಿನ ಮುಂದೆಯೂ ಒಂದು ಕ್ಷಣ ನಿಲ್ಲಲಿ.

ಆದರೆ ಸತ್ತವರ ಗುಣಗಾನವಷ್ಟೇ ಜೀವನಚರಿತ್ರೆಯಾಗಲಾರದು. ಸತ್ಯವನ್ನು ಮರೆಮಾಚಿದ ಹೊಗಳಿಕೆಯು ಹೊಗಳಿಸಿಕೊಂಡವರಿಗೂ ಗೌರವವಲ್ಲ. ಅವರ ಆಳ್ವಿಕೆಯಲ್ಲಿ 1908ರಲ್ಲಿ ಬಂದ ಪತ್ರಿಕಾ ಶಾಸನವು ಸ್ವತಂತ್ರವಾಗಿ ಬರೆಯುವವರ ಕೈಯನ್ನು ಕಟ್ಟಿತು. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜವನ್ನು ಹಿಡಿದು ಕೂಡಿದ್ದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿ ಪ್ರಾಣಹಾನಿಯಾಯಿತು. ಅಸ್ಪೃಶ್ಯರೆನಿಸಿಕೊಂಡವರಿಗೆ ಶಾಲೆಯ ಬಾಗಿಲು ತೆರೆದರೂ ದೇವಸ್ಥಾನದ ಬಾಗಿಲು ಅವರ ಜೀವಿತಕಾಲದಲ್ಲಿ ತೆರೆಯಲಿಲ್ಲ. ತಿರುವಾಂಕೂರಿನ ಅರಸರು 1936ರಲ್ಲಿ ಮಾಡಿದ ಕೆಲಸವನ್ನು ಮೈಸೂರು ಮಾಡಲಾಗಲಿಲ್ಲ.

ಇನ್ನೊಂದು ಕೊರತೆಯು ಆ ಆಜ್ಞೆಯೊಳಗೇ ಇತ್ತು. ಹಿಂದುಳಿದವರೆಂಬ ಒಂದೇ ಹೆಸರಿನಡಿಯಲ್ಲಿ ಭೂಮಿ, ಹಣ, ಸಂಘಟನೆಗಳನ್ನು ಉಳ್ಳ ಸಮುದಾಯಗಳೂ, ಏನೂ ಇಲ್ಲದ ಪಂಚಮರೂ ಜೊತೆಯಲ್ಲಿ ನಿಂತಿದ್ದರು. ಒಂದೇ ತಟ್ಟೆಯ ಮು೦ದೆ ಬಲವಾದ ಕೈಯನ್ನೂ ಬಡಕಲು ಕೈಯನ್ನೂ ಇಟ್ಟರೆ ಮೊದಲ ತುತ್ತು ಯಾರಿಗೆಂಬುದನ್ನು ಊಹಿಸಬಹುದು. ಪ್ರಜಾಮಿತ್ರ ಮಂಡಲಿಯ ಮುಂದಾಳುಗಳಲ್ಲಿ ಹೆಚ್ಚಿನವರು ತಮ್ಮ ತಮ್ಮ ಸಮುದಾಯಗಳ ಅನುಕೂಲಸ್ಥರೇ ಆಗಿದ್ದರು. ತಮಗೆ ಮೇಲಿನವರು ಮಾಡಿದ ಅನ್ಯಾಯವನ್ನು ಚೆನ್ನಾಗಿ ಕಂಡ ಕಣ್ಣಿಗೆ, ತಮ್ಮಿಂದ ಕೆಳಗಿನವರಿಗೆ ಆಗುತ್ತಿದ್ದ ಅನ್ಯಾಯ ಅಷ್ಟು ಚೆನ್ನಾಗಿ ಕಾಣಲಿಲ್ಲ. ಮಂಡಲಿಯು ಮುಂದೆ ಬೇರೆ ಪಕ್ಷದೊಡನೆ ಕೂಡಿ 1934ರಲ್ಲಿ ಪ್ರಜಾಸಂಯುಕ್ತ ಪಕ್ಷವೆನಿಸಿತು. 1937ರಲ್ಲಿ ಕಾಂಗ್ರೆಸ್ಸಿನಲ್ಲಿ ಲೀನವಾಯಿತು. ಕಟ್ಟಕಡೆಯವರ ಕೂಗು ಗಟ್ಟಿಯಾಗಿ ಕೇಳಿಬರಲು ಇನ್ನೂ ಬಹುಕಾಲ ಬೇಕಾಯಿತು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ್ದೂ, 1972ರಲ್ಲಿ ನೇಮಕವಾದ ಹಾವನೂರು ಆಯೋಗವು 1975ರಲ್ಲಿ ವರದಿ ಕೊಟ್ಟದ್ದೂ ಈ ಉಳಿದ ಕೆಲಸದ ಮುಂದುವರಿಕೆಯೇ ಆಗಿವೆ.

ಮಹಾರಾಜರ ಖಾಸಗಿ ಜೀವನವು ಅತ್ಯಂತ ಸರಳವೂ ನಿಯಮಬದ್ಧವೂ ಆಗಿತ್ತು. ಮುಂಜಾನೆಯ ಪೂಜೆ, ಓದು, ಕಡತಗಳ ಪರಿಶೀಲನೆ, ಸಂಜೆಯ ಸಂಗೀತ, ಇದು ಅವರ ದಿನಚರಿ. ಮಾತು ಕಡಿಮೆ. 1931ರಲ್ಲಿ ಕಷ್ಟಸಾಧ್ಯವಾದ ಕೈಲಾಸ ಮಾನಸಸರೋವರ ಯಾತ್ರೆಯನ್ನು ಕೈಗೊಂಡರು. 1927ರಲ್ಲಿ ಅನಾರೋಗ್ಯದಿಂದ ಬಳಲುತ್ತಿದ್ದ ಗಾಂಧೀಜಿಯವರು ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಾಂತಿ ಪಡೆದಾಗ ಸಂಸ್ಥಾನವು ಅವರನ್ನು ಗೌರವದ ಅತಿಥಿಯಂತೆ ಉಪಚರಿಸಿತು. ಅರಸನಾಗಿದ್ದೂ ಋಷಿಯಂತೆ ಬಾಳಿದ ಇವರನ್ನು ಗಾಂಧೀಜಿಯವರು ರಾಜರ್ಷಿ ಎಂದು ಕರೆದರು. ಆ ಬಿರುದು ಜನರ ನಾಲಗೆಯಲ್ಲಿ ನಿಂತಿತು.

ಅವರಿಗೆ ಮಕ್ಕಳಿರಲಿಲ್ಲ. 1940ರ ಮಾರ್ಚ್‌ನಲ್ಲಿ ಪ್ರೀತಿಯ ತಮ್ಮ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಮುಂಬಯಿಯಲ್ಲಿ ತೀರಿಕೊಂಡರು. ಆ ದುಃಖದ ಬೆನ್ನಲ್ಲಿಯೇ, ಅದೇ ವರ್ಷದ ಆಗಸ್ಟ್ 3ರಂದು, ಬೆಂಗಳೂರಿನ ಅರಮನೆಯಲ್ಲಿ ನಾಲ್ವಡಿಯವರೂ ಹೃದಯರೋಗದಿಂದ ಕಾಲವಶರಾದರು. ಆಗ ಅವರ ವಯಸ್ಸು ಐವತ್ತಾರು. ತಮ್ಮನ ಮಗ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು.

ಹತ್ತು ವರ್ಷಗಳ ತರುವಾಯ, 1950ರ ಜನವರಿ 26ರಂದು, ಭಾರತದ ಸಂವಿಧಾನವು ಜಾರಿಗೆ ಬಂದಿತು. ಅದರ 16ನೆಯ ವಿಧಿಯು ಸರ್ಕಾರಿ ಉದ್ಯೋಗದಲ್ಲಿ ಸಮಾನಾವಕಾಶವನ್ನು ಸಕಲ ಪ್ರಜೆಗಳ ಹಕ್ಕನ್ನಾಗಿ ಸಾರಿತು. 17ನೆಯ ವಿಧಿಯು ಅಸ್ಪೃಶ್ಯತೆಯನ್ನು ಅಳಿಸಿತು. ಒಬ್ಬ ಅರಸನ ಆಜ್ಞೆಯಾಗಿದ್ದದ್ದು ಈಗ ಇಡೀ ರಾಷ್ಟ್ರದ ನಿಯಮವಾಯಿತು. ಆದರೂ ಅದೇ ವರ್ಷದ ರಾಷ್ಟ್ರಪತಿಗಳ ಆಜ್ಞೆಯು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದನ್ನು ವಿಸ್ತರಿಸಲಾಯಿತು. ದಲಿತ ಕ್ರೈಸ್ತರು ಹೊರಗುಳಿದರು. ಅವರ ಮನವಿಗಳನ್ನು ಹೊತ್ತು ದೆಹಲಿಯ ಬಾಗಿಲು ತಟ್ಟುತ್ತಿರುವ ಸಂಘಟನೆಗಳು, ತಿಳಿದೋ ತಿಳಿಯದೆಯೋ, 1918ರ ಆ ನಿಯೋಗದ ದಾರಿಯಲ್ಲಿಯೇ ನಡೆಯುತ್ತಿವೆ.

ಪರರ ಬಾಗಿಲನ್ನು ತಟ್ಟುವಾಗ ನಮ್ಮ ಬಾಗಿಲನ್ನೂ ನೋಡಿಕೊಳ್ಳಬೇಕಲ್ಲವೇ? ಜಾತಿಯ ಭೇದವನ್ನು ದೇವಾಲಯದೊಳಕ್ಕೂ ಸಮಾಧಿಭೂಮಿಗೂ ಹೊತ್ತು ತಂದ ಪಾಪದಿಂದ ನಮ್ಮ ಧರ್ಮಸಭೆಯೂ ಮುಕ್ತವಾಗಿರಲಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರಲ್ಲಿ ಹೊರಡಿಸಿದ ದಲಿತರ ಸಬಲೀಕರಣದ ನೀತಿಪತ್ರದಲ್ಲಿ ಈ ತಪ್ಪನ್ನು ಒಪ್ಪಿಕೊಂಡಿದೆ. ಮದುವೆಯ ಮಾತುಕತೆಗೆ ನಮ್ಮ ಬಳಿಗೆ ಬರುವ ಮನೆಯವರು, ಹುಡುಗನ ನಡತೆ ಓದುಗಳನ್ನು ಕೇಳಿ ಮುಗಿಸಿ, ಕಡೆಯಲ್ಲಿ ದನಿಯನ್ನು ತಗ್ಗಿಸಿ ಇನ್ನೊಂದು ಪ್ರಶ್ನೆಯನ್ನು ಕೇಳುವುದುಂಟು. ಆ ಪ್ರಶ್ನೆ ಯಾವುದೆಂಬುದು ವಾಚಕರಿಗೂ ಗೊತ್ತು, ನಮಗೂ ಗೊತ್ತು. ಮೂವತ್ತು ವರ್ಷಗಳಿಗೂ ಮಿಕ್ಕಿದ ಗುರುಜೀವನದಲ್ಲಿ ಆ ಪ್ರಶ್ನೆಗೆ ನಾವು ಕೆಲವು ಬಾರಿ ಮೌನವಾಗಿದ್ದೇವೆ, ಕೆಲವು ಬಾರಿ ಉತ್ತರವನ್ನೂ ಕೊಟ್ಟಿದ್ದೇವೆ. ಎರಡಕ್ಕೂ ಇಂದು ನಾಚುತ್ತೇವೆ.

ಶತಮಾನದ ಹೊಸ್ತಿಲನ್ನು ದಾಟುತ್ತಿರುವ ನಮ್ಮ ಧರ್ಮಕೇಂದ್ರದ ದಾಖಲೆ ಪುಸ್ತಕದಲ್ಲಿ ಈಗ ತಂದೆಯ ಉದ್ಯೋಗದ ಅಂಕಣವನ್ನು ಬಗೆಬಗೆಯ ಪದಗಳು ತುಂಬುತ್ತವೆ. ತಾಯಂದಿರ ಉದ್ಯೋಗವೂ ಹೇಳಿಕೊಳ್ಳುವಂಥದೇ ಆಗಿದೆ. ಆದರೆ ಕೂಲಿ ಎಂಬ ಪದ ಪೂರ್ತಿಯಾಗಿ ಮರೆಯಾಗಿಲ್ಲ. ಆ ಪದವಿರುವ ಮನೆಯ ಮಗುವು ಓದಿ, ಅರ್ಜಿ ಹಿಡಿದು, ಮುಂದೆ ಬಂದು ನಿಂತಾಗ ಅದರ ಪಕ್ಕದಲ್ಲಿ ನಿಲ್ಲುವುದು ಮೇಲಕ್ಕೆ ಬಂದಿರುವ ನಮ್ಮೆಲ್ಲರ ಕರ್ತವ್ಯ. ಮನವಿಯನ್ನು ಬರೆದವರಿದ್ದರು, ಅದನ್ನು ಕೇಳಿದ ಅರಸರೂ ಇದ್ದರು. ಅವರೆಲ್ಲರ ಋಣ ನಮ್ಮ ಮೇಲಿದೆ. ಈ ಋಣವನ್ನು ತೀರಿಸುವ ಸನ್ಮತಿಯನ್ನು ಕರುಣಾಮಯನಾದ ದೇವರು ನಮ್ಮೆಲ್ಲರಿಗೂ ದಯಪಾಲಿಸಲಿ ಎಂದು ಪ್ರಾರ್ಥಿಸುತ್ತೇವೆ.